ಅಪ್ಪನ ಹಣೆಯ ರೂಪಾಯಿ

ಬಾಗಲಕೋಟೆ, ೨ ಜುಲೈ ೧೯೫೮

ಸಾಲೆಯಿಂದ ಬಂದು ಚಹಾ ಕುಡಿಯುವಷ್ಟರಲ್ಲಿ ಬೆಳ್ಳಿ ಕೆಲಸದ ಇಬ್ರಾಹಿಂಸಾಬ ಬಾಗಿಲಲ್ಲಿ. ಹಳೇ ನಾಣ್ಯ ಯಾರ ಕೈಗೆ ಬಂದರೂ ಕಂಡಿಶನ್ ಕೇಳಲು ನನ್ನ ಹತ್ತಿರವೇ ಬರುತ್ತಾರೆ. ಪುಕ್ಕಟೆ ಅಲ್ಲವೇ!

"ಮಾಸ್ತರ್ರ, ಈ ರೂಪಾಯಿಗೆ ಕೊಂಡಿ ಹಚ್ಚಬೇಕಂತ. ಕೊಳ್ಳಾಗ ಹಾಕ್ಕೊಳ್ಳಾಕ. ಛಲೋ ನಾಣ್ಯ ಇದ್ರ ಬೆಸಗಿ ಹಾಕಿ ಕೆಡಸೂದು ಬ್ಯಾಡ ಅಂತ ನಿಮ್ಮ ಹಂತೇಕ ತಂದೇನ್ರಿ."

ಲೆನ್ಸ್ ಹಿಡಿದು ನೋಡಿದೆ. ಪೇಶ್ವೆ ಕಾಲದ್ದು, ನಮ್ಮ ಬಾಗಲಕೋಟೆಯದೇ ಟಂಕಸಾಲೆಯದು. ಒಂದು ಮಗ್ಗುಲಿಗೆ ಅಕ್ಷರ ಚಪ್ಪಟೆ. ಸವೆದದ್ದಲ್ಲ — ಅಚ್ಚು ಹೊಡೆಯುವಾಗ ಸುತ್ತಿಗೆಯ ಏಟು ಅಲ್ಲಿ ಸರಿಯಾಗಿ ಬಿದ್ದಿಲ್ಲ. ಉಳಿದ ಅಕ್ಷರಗಳ ಅಂಚು ಇನ್ನೂ ಚೂಪು. ಗ್ರೇಡ್ ವೆರಿ ಫೈನ್ ಎನ್ನಲು ಅಡ್ಡಿಯಿಲ್ಲ. ತಿರುಗಿಸಿದೆ. ಅಂಚಿನಲ್ಲೊಂದು ಸೀಳು. ಅದರ ಪಕ್ಕ ಯಾವನೋ ಸರಾಫ ಪರೀಕ್ಷೆಗೆಂದು ಒತ್ತಿದ ಮೂರೆಲೆ ಗುರುತು...

ಇದು ನನ್ನದು. ನನ್ನ ಪೆಟ್ಟಿಗೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ರೂಪಾಯಿ. ಹೋದ ವರ್ಷ ಶಿರೂರಿನಲ್ಲಿ ಅಪ್ಪ ತೀರಿಕೊಂಡಾಗ ನಾನೇ ಅವರ ಹಣೆಗೆ ಹಚ್ಚಿದ್ದು. ಅಪ್ಪನ ಜೊತೆ ಮಣ್ಣಿಗೆ ಹೋದದ್ದು.

"ಯಾರು ಕೊಟ್ರು?"

"ಯಾರೋ ಹೆಣಮಗಳ್ರಿ. ಮಾರಿ ತುಂಬ ಸೆರಗ ಹೊದ್ದಿದ್ಲು. ಗುರ್ತ ಇಲ್ಲ."

ಖರೆಯೋ ಸುಳ್ಳೋ, ಯಾರಿಗೆ ಗೊತ್ತು. ಸಾವಕಾಶ ನೋಡಿ ಹೇಳುತ್ತೇನೆ ಎಂದು ನಾಣ್ಯ ಇಟ್ಟುಕೊಂಡು ಅವನನ್ನು ಕಳಿಸಿದೆ.

೩ ಜುಲೈ

ಪಾಠದಲ್ಲಿ ಮನಸ್ಸಿಲ್ಲ. ಅಪ್ಪನ ಕುಣಿ ತೋಡಿದವನು ಗಾಳೆಪ್ಪ. ಅವನೇ. ಮತ್ತೆ ಅಗೆದು ತೆಗೆದಿದ್ದಾನೆ, ಹೆಂಡತಿಯ ಕೈಯಲ್ಲಿ ಪೇಟೆಗೆ ಕಳಿಸಿದ್ದಾನೆ. ಮೆತ್ತಗಿನ ಮಾತು, ತಲೆ ಎತ್ತಿ ನೋಡುವವನಲ್ಲ — ಅಂಥವರನ್ನೇ ನಂಬಬಾರದು. ಅವ್ವನಿಗೆ ಹೇಳಿಲ್ಲ. ಹೇಳಿದರೆ ಎದೆ ಒಡೆದುಕೊಂಡಾಳು.

೬ ಜುಲೈ, ರವಿವಾರ

ಬಸ್ಸಿಗೆ ಶಿರೂರು. ಊರ ಹಿರಿಯ ಬಂಡೆಪ್ಪಗೌಡರ ಮುಂದೆ ಎಲ್ಲ ಹೇಳಿದೆ.

"ಅದ ರೂಪಾಯಿ ಅಂತ ಹೆಂಗ ಹೇಳ್ತೀ?" ಎಂದರು.

"ನನ್ನ ಕಣ್ಣು ತಪ್ಪಂಗಿಲ್ರಿ."

"ಹಂಗಾರ ಬರೂ ರವಿವಾರ ಕುಣಿ ತಗಸಿ ನೋಡೂಣು. ಒಳಗ ರೂಪಾಯಿ ಇದ್ರ ಗಾಳೆಪ್ಪ ಪಾರಾದ. ಇಲ್ಲಂದ್ರ ಊರು ಬಿಡಬೇಕು ಅಂವಾ."

ಅಪ್ಪನ ಕುಣಿ ತೆಗೆಸುವುದೇ? ಬೇಡ ಎನ್ನಲು ಬಾಯಿ ತೆರೆದೆ. ಎನ್ನಲಿಲ್ಲ. ಹಿಂದೆ ಸರಿದರೆ ನನ್ನ ಮಾತೇ ಸುಳ್ಳು ಎಂದುಕೊಂಡಾರು.

೯ ಜುಲೈ

ನಾಣ್ಯ ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಒಂದು ಸಂಗತಿ ಹೊಂದುತ್ತಿಲ್ಲ. ನಮ್ಮಲ್ಲಿ ಕುಣಿಯಲ್ಲಿ ಕೂಡಿಸಿ, ವಿಭೂತಿ ಇಟ್ಟು, ಉಪ್ಪು ಸುರಿದು ಮಣ್ಣು ಎಳೆಯುತ್ತಾರೆ. ಅಷ್ಟು ಉಪ್ಪಿನಲ್ಲಿ ಮಳೆಗಾಲ ಕಳೆದ ಬೆಳ್ಳಿ ಕರ್ರಗಾಗಬೇಕು, ಮೈಯೆಲ್ಲ ತಗ್ಗು ಬೀಳಬೇಕು. ಇದರ ಮೈ ನುಣುಪು. ತಿಕ್ಕಿ ತೊಳೆದಿದ್ದರೆ ಗೆರೆ ಕಾಣುತ್ತಿತ್ತು, ಅದೂ ಇಲ್ಲ. ಇದು ಮಣ್ಣು ಕಂಡೇ ಇಲ್ಲ.

ಅಂದರೆ ಗಾಳೆಪ್ಪ ಕುಣಿ ಅಗೆದಿಲ್ಲ. ಅಂದರೆ... ಮಣ್ಣು ಎಳೆಯುವ ಮೊದಲೇ ಕೈ ಹಾಕಿದ್ದಾನೆ! ಕುಣಿಯೊಳಗೆ ಇಳಿದಿದ್ದವನು ಅವನೇ ತಾನೆ. ನಾನು ಅಂದುಕೊಂಡದ್ದಕ್ಕಿಂತ ಚಾಲಾಕಿ.

೧೨ ಜುಲೈ

ಶಿರೂರಿನಿಂದ ಸಂತೆಗೆ ಬಂದ ಯಾರೋ ಅವ್ವನಿಗೆ ಸುದ್ದಿ ಮುಟ್ಟಿಸಿದ್ದಾರೆ. ಉಣ್ಣಲಿಲ್ಲ. ಬಂದು ಪಕ್ಕದಲ್ಲಿ ಕೂತಳು.

"ನಿಮ್ಮಪ್ಪನ ಕುಣಿ ತಗಸ್ತೀಯಂತ. ತಗಸಬ್ಯಾಡೋ. ಅದರಾಗ ರೂಪಾಯಿ ಇಲ್ಲ. ನಾ ತಗೊಂಡೇನಿ."

ಅವಳ ಕಡೆ ತಿರುಗಿದೆ.

"ಹೆಣ ಎತ್ತೂಮುಂದ ಕಡೀಗೊಮ್ಮೆ ಮಾರಿ ಒರಸಿದೆ. ರೂಪಾಯಿ ಕೈಗೆ ಬಂತು. ತಿರಗಿ ಹಚ್ಚಾಕ ಮನಸಾಗಲಿಲ್ಲ."

"ನನಗ್ಯಾಕ ಹೇಳಲಿಲ್ಲವ್ವಾ?"

"ಹೇಳಿದ್ರ ನಿನ್ನ ಪೆಟ್ಟಿಗಿ ಸೇರತಿತ್ತು. ನನಗ ಲಿಂಗದ ಜೋಡಿ ಕೊಳ್ಳಾಗ ಹಾಕ್ಕೋಬೇಕಾಗಿತ್ತು, ಅವರ ಮೈಗೆ ಹತ್ತಿದ್ದು ಅಂತ." ನನ್ನ ಕೈ ಹಿಡಿದುಕೊಂಡಳು. "ಯಾರ ಮುಂದೂ ಅನಬ್ಯಾಡ ನನ್ನಪ್ಪಾ. ಗಂಡನ ಹೆಣದ ಮ್ಯಾಲಿನ ರೂಪಾಯಿ ಕದ್ದಾಕಿ ಅಂತಾರ."

ನಾನು ಮುಂದೆ ಹೆಗಲು ಕೊಟ್ಟು ನಡೆದಿದ್ದೆ. ಕುಣಿಯ ಹತ್ತಿರ ಕಣ್ಣಲ್ಲಿ ನೀರು, ಅಪ್ಪನ ಹಣೆ ಬರಿದಾದದ್ದು ಕಂಡಿರಲಿಲ್ಲ. ಗಾಳೆಪ್ಪನ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆ. ಅವ್ವನಿಗೆ ಮಾತು ಕೊಟ್ಟಿದ್ದೇನೆ.

೧೩ ಜುಲೈ, ರವಿವಾರ ಸಂಜೆ

ಬೆಳಿಗ್ಗೆಯೇ ಶಿರೂರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು — ಬಸ್ಸಿನಲ್ಲೇ ಮಾತು ಹೊಂದಿಸಿಕೊಂಡಿದ್ದೆ. ಕಟ್ಟೆಯ ಮೇಲೆ ಊರ ಮಂದಿ. ಗಾಳೆಪ್ಪ ಕೆಳಗೆ, ಗುದ್ದಲಿ ಪಕ್ಕಕ್ಕಿಟ್ಟು ಕೂತಿದ್ದ. ಕುಣಿ ತೆಗೆಯಲು ಅವನನ್ನೇ ಕರೆಸಿದ್ದರು!

"ನನ್ನ ಕಣ್ಣು ತಪ್ಪೇತ್ರಿ. ಆ ರೂಪಾಯಿ ಬ್ಯಾರೆ. ಕುಣಿ ತಗಿಯೂದು ಬ್ಯಾಡ" ಎಂದೆ.

ಗೌಡರು ನಕ್ಕರು. ಮುಗಿಯಿತು ಎಂದುಕೊಂಡೆ. ಗಾಳೆಪ್ಪ ಎದ್ದು ನಿಂತ.

"ಮುಗೀಲಿಲ್ರಿ ಗೌಡ್ರ. ನನ್ನ ಹೆಸರು ಮನೀ ಮನೀ ತಿರಗೇತಿ. ಕುಣ್ಯಾಗ ಹೆಣ ಇಳಿಸಿಕೊಂಡಾಂವ ನಾ. ಆವಾಗ್ಲೇ ಹಣಿ ಮ್ಯಾಲೆ ರೂಪಾಯಿ ಇರಲಿಲ್ಲ. ಮಾಸ್ತರ್ರಿಗೆ ನಾಣ್ಯದ ಮ್ಯಾಲೆ ಜೀವ, ಅವರ ತಗೊಂಡಾರ ಅನಕೊಂಡೆ. ತಂದಿ ಕಳಕೊಂಡಾರ, ಮಂದ್ಯಾಗ ಮರ್ಯಾದಿ ಯಾಕ ಕಳೀಲಿ ಅಂತ ಇಲ್ಲೀತನಾ ಬಾಯಿ ಬಿಡಲಿಲ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು.

"ಹೌದೇನೋ ಅಂದಾನಪ್ಪಾ? ನೀನ ತಗದಿದ್ದಿ?" ಗೌಡರು.

ಅಲ್ಲ ಎಂದರೆ ಮುಂದಿನ ಮಾತು, ಮತ್ಯಾರು? ಹೆಣದ ಪಕ್ಕ ಕೂತಿದ್ದವರು ನಾನು, ಅವ್ವ.

"ಹೌದ್ರಿ" ಎಂದೆ.

"ಹಂಗಾರ ಇವನ ಹೆಸರು ಯಾಕ ಹೇಳಿದಿ?"

ಗಾಳೆಪ್ಪ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ. ಸಿಟ್ಟು ಇರಲಿಲ್ಲ ಆ ಮುಖದಲ್ಲಿ. ನಾನು ಅವನ ಮುಂದೆ ಹೋಗಿ ಕೈ ಮುಗಿದು, "ನನ್ನ ಕಳವು ಮುಚ್ಚಾಕ ನಿನ್ನ ಹೆಸರು ಹೇಳಿದೆ, ತಪ್ಪಾತು" ಎಂದೆ.