ಕಣ್ಣ ಮೇಲೆ ಬ್ಲೇಡು, ಬಾಯಲ್ಲಿ ನಿನ್ನ ವಾದ

ಅಕ್ಕಾ,

ಇವತ್ತು ನನ್ನ ಕಣ್ಣಿನ ಪೊರೆ ತೆಗೆದರು. ಒಂದೇ ಕಣ್ಣಲ್ಲಿ ಬರೆಯುತ್ತಿದ್ದೇನೆ. ನನ್ನ ಮುಖಕ್ಕೆ ಬಟ್ಟೆ ಹೊದಿಸಿಟ್ಟು ಡಾಕ್ಟರೂ ನರ್ಸೂ ಜಗಳಕ್ಕೆ ಬಿದ್ದರು. ಯಾರ ವಿಷಯಕ್ಕೆ ಗೊತ್ತೇ? ನಿನ್ನ ಮೆಚ್ಚಿನ ಆ ಸಿನಿಮಾ ಸಂಗೀತ ನಿರ್ದೇಶಕನ ವಿಷಯಕ್ಕೆ! ನೀನು ತೀರಿಹೋದ ಮೇಲೆ ಮನೆಯಲ್ಲಿ ಯಾರೂ ಅವನ ಹೆಸರೆತ್ತಿರಲಿಲ್ಲ.

"ಹಿನ್ನೆಲೆ ಸಂಗೀತ ಓಕೆ. ಹಾಡೆಲ್ಲ ಬರೀ ಗದ್ದಲ," ಎಂದರು ಡಾಕ್ಟರು, ಥೇಟ್ ನಾನು ನಿನ್ನ ಜೊತೆ ವಾದಿಸುತ್ತಿದ್ದ ಹಾಗೆ.

"ಸುಮ್ನಿರಿ ಸಾರ್, ಹಾಡಿಂದಾನೇ ಅವ್ರಿಗೆ ಹೆಸರು ಬಂದಿದ್ದು!" ನರ್ಸು ರೇಗಿದಳು.

ಡಾಕ್ಟರ ದನಿ ಏರಿತು. ಬ್ಲೇಡು ನನ್ನ ಕಣ್ಣ ಮೇಲೇ ಇತ್ತು. ಜೀವ ಬಾಯಿಗೆ ಬಂತು. ಅವರಿಗೇ ಹೂಂಗುಟ್ಟಿ ಬಚಾವಾಗಬೇಕಿತ್ತು.

"ಹಾಡೂ ಚೆನ್ನಾಗಿವೆ, ಡಾಕ್ಟ್ರೇ," ಅಂತ ನಿನ್ನ ಮಾತನ್ನೇ ಅಂದುಬಿಟ್ಟೆ.

ನಾಳೆ ಪಟ್ಟಿ ಬಿಚ್ಚುತ್ತಾರೆ. ಏನು ಕಾಣುತ್ತದೋ ಎಂದು ಹೆದರಿಕೆ. ಗೆದ್ದೆನೆಂದು ನಗುವ ನಿನ್ನ ಮುಖವಂತೂ ಕಾಣುವುದಿಲ್ಲ.