ಮೇಲೇಳದ ಗೆರೆ

ಗುರುವಾರ, ಮಧ್ಯಾಹ್ನ

ಅತ್ತಿಗೆ,

ಓದದೆ ಹರಿದುಹಾಕಬೇಡಿ. ನಿಮ್ಮ ತಮ್ಮ, ನನ್ನ ಯಜಮಾನರು, ತೀರಿಕೊಂಡ ವಾರ ನೀವು ನನ್ನನ್ನು ಕೇಳಿದ್ದಿರಿ, ಆ ಡಾಕ್ಟರನ್ನ ಒಂದು ಮಾತು ಕೇಳೋಕೆ ನಿನಗೆ ಬಾಯಿಲ್ವಾ ಅಂತ. ಏಳು ತಿಂಗಳಾಯಿತು. ಬಾಯಿ ಈಗಲೂ ಇಲ್ಲ. ಆದರೆ ಮಂಗಳವಾರ ಒಂದು ಕೆಲಸ ಮಾಡಿದೆ. ಅದನ್ನು ನಿಮಗೊಬ್ಬರಿಗೇ ಹೇಳಬೇಕು.

ನನ್ನ ಕೆಲಸ ನಿಮಗೆ ಗೊತ್ತು. ಡಾಕ್ಟರ ಪ್ರಯೋಗಾಲಯದಲ್ಲಿ ರಕ್ತ ತೆಗೆಯುವುದು, ಕೊಳವೆಗೆ ಚೀಟಿ ಅಂಟಿಸುವುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಮಾತ್ರೆಯನ್ನು ನಲವತ್ತು ಜನರಿಗೆ ಕೊಟ್ಟು ನೋಡುತ್ತಾರೆ ಅಂದಾಗ, ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿ ಊದಿದ್ದ ನಿಮ್ಮ ತಮ್ಮನ ಹೆಸರು ಬರೆಸಿದವಳು ನಾನೇ. ಅದನ್ನು ನಿಮ್ಮಿಂದ ಮುಚ್ಚಿಟ್ಟಿಲ್ಲ. ಮುಚ್ಚಿಟ್ಟದ್ದು ಇನ್ನೊಂದು. ಮೂರನೆಯ ವಾರ ಅವರ ಬೆರಳಿಗೆ ಹೊಲಿಗೆ ಸೂಜಿ ಚುಚ್ಚಿ, ಸಂಜೆಯವರೆಗೂ ರಕ್ತ ನಿಲ್ಲಲಿಲ್ಲ. ಹೊಲಿಯುತ್ತಿದ್ದ ಗಿರಾಕಿಯ ಬಿಳಿ ಅಂಗಿ ಹಾಳಾಯಿತೆಂದು ಅದಕ್ಕೇ ಬೇಜಾರು ಮಾಡಿಕೊಂಡು ಕೂತಿದ್ದರು. ಈ ಮಾತ್ರೆ ಸಾಕು ಕಣೇ, ಬಿಟ್ಟುಬಿಡ್ತೀನಿ ಅಂದರು. ನಾನು ಡಾಕ್ಟರಿಗೆ ಫೋನ್ ಮಾಡಿದೆ. ಹೆದರ್ಕೋಬೇಡಮ್ಮಾ, ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಅರ್ಥ, ನಿಲ್ಲಿಸಬೇಡ ಅಂದರು. ನಾನೇ ನೀರು ಕೊಟ್ಟು ನುಂಗಿಸಿದೆ. ಅದಾಗಿ ನಾಲ್ಕನೆಯ ದಿನ ತಲೆಯೊಳಗೆ ರಕ್ತ ಸೋರಿ ಹೋಗಿಬಿಟ್ಟರು.

ಹೋದ ತಿಂಗಳು ಸಮ್ಮೇಳನಕ್ಕೆಂದು ಅಚ್ಚಾಗಿ ಬಂದ ವರದಿಯನ್ನು ಎತ್ತಿಡುವಾಗ ಓದಿದೆ. ನಲವತ್ತರಲ್ಲಿ ಮೂವತ್ತೊಂಬತ್ತು ಜನ ಆರೋಗ್ಯವಾಗಿದ್ದಾರೆ, ಒಬ್ಬರು ತಾವಾಗಿಯೇ ಹೊರನಡೆದರು ಎಂದಿತ್ತು. ಹೊರನಡೆದರಂತೆ ಅತ್ತಿಗೆ. ಚಪ್ಪಲಿ ಮೆಟ್ಟಿಕೊಂಡು ಹೋದ ಹಾಗೆ.

ಮಂಗಳವಾರ ಆ ಸಮ್ಮೇಳನ. ಮುನ್ನೂರು ಕುರ್ಚಿಯೂ ತುಂಬಿತ್ತು. ಡಾಕ್ಟರು ತಾವು ಮಾಡಿದ ಯಂತ್ರವನ್ನು ಎಲ್ಲರೆದುರು ನಡೆಸಿ ತೋರಿಸುವವರಿದ್ದರು. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳಿವೆ. ಗಾಯವಾದಾಗ ಒಂದಕ್ಕೊಂದು ಅಂಟಿ ರಕ್ತ ನಿಲ್ಲಿಸುವುದು ಅವೇ. ಯಂತ್ರದಲ್ಲಿ ಅವನ್ನು ಅಂಟಿಸುವ ಔಷಧ ಒಂದು ಹನಿ ಬಿಟ್ಟಾಗ ಅವು ಅಂಟಿದರೆ ಪರದೆಯ ಮೇಲೆ ಗೆರೆ ಏಳುತ್ತದೆ, ಅಂಟದಿದ್ದರೆ ಮಲಗುತ್ತದೆ. ಮಾತ್ರೆ ತಿಂದವರ ರಕ್ತವೊಂದು, ಯಾವ ಮಾತ್ರೆಯನ್ನೂ ತಿನ್ನದ ಗಟ್ಟಿಮುಟ್ಟಾದವರದೊಂದು ಪಕ್ಕಪಕ್ಕ ಇಡಬೇಕು. ಆ ಗಟ್ಟಿಮುಟ್ಟು ರಕ್ತ ಹನ್ನೊಂದು ವರ್ಷದಿಂದ ನನ್ನದೇ. ನಿನ್ನ ರಕ್ತ ಇದ್ರೆ ನನಗೆ ಧೈರ್ಯ ಕಣಮ್ಮಾ ಅನ್ನುತ್ತಿದ್ದರು.

ರಕ್ತ ಕೊಡುವವರನ್ನು ಮೊದಲು ಒಂದು ಪ್ರಶ್ನೆ ಕೇಳಬೇಕು, ಹತ್ತು ದಿನದೊಳಗೆ ಆಸ್ಪಿರಿನ್ ನುಂಗಿದ್ದೀರಾ ಅಂತ. ನುಂಗಿದ್ದರೆ ಕಣಗಳು ಅಂಟುವುದಿಲ್ಲ. ಹಾಗೆ ಕೇಳಿ ಚೀಟಿಯಲ್ಲಿ ಗುರುತು ಹಾಕುವವಳು ನಾನು. ನನ್ನನ್ನು ಯಾರು ಕೇಳಬೇಕು? ಭಾನುವಾರ ಒಂದು, ಸೋಮವಾರ ಒಂದು ನುಂಗಿದೆ. ಇಲ್ಲ ಅಂತ ಗುರುತು ಹಾಕಿದೆ.

ಮಾತ್ರೆಯವರ ಗೆರೆ ಮಲಗಿತು. ಅದು ಮಲಗಬೇಕಾದದ್ದೇ. ಈಗ ನೋಡಿ ಅಂತ ಡಾಕ್ಟರು ನನ್ನ ರಕ್ತಕ್ಕೆ ಹನಿ ಬಿಟ್ಟರು. ಎಲ್ಲರೂ ನೋಡಿದರು. ಗೆರೆ ಏಳಲಿಲ್ಲ. ಇನ್ನೊಂದು ಕೊಳವೆ ಇಟ್ಟರು, ಅದೂ ಏಳಲಿಲ್ಲ. ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಮಹಿಳಾ ವಿಜ್ಞಾನಿಯೊಬ್ಬರು, ಅಲ್ಲಪ್ಪಾ, ಮಾತ್ರೆ ತಿಂದೋರು ಯಾರು ಬಿಟ್ಟೋರು ಯಾರು ಅಂತ ನಿನ್ನ ಡಬ್ಬಿಗೇ ಗೊತ್ತಾಗ್ತಿಲ್ಲ, ಇನ್ನು ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ನಿನಗೆ ಹೇಗಪ್ಪಾ ಗೊತ್ತಾಗುತ್ತೆ ಅಂದರು. ಸಭೆ ನಕ್ಕಿತು. ಡಾಕ್ಟರು ನನ್ನ ಕಡೆ ತಿರುಗಿ, ಹುಷಾರಾಗಿದ್ದೀಯೇನಮ್ಮಾ ಅಂದರು. ಹೆದರ್ಕೋಬೇಡಿ ಸಾರ್ ಅಂದೆ.

ಏಳು ತಿಂಗಳಲ್ಲಿ ಅವತ್ತು ಮೊದಲ ಸಲ ಹೊಟ್ಟೆ ತುಂಬ ಉಂಡೆ. ತಪ್ಪು ಮಾಡಿದೆ ಅನ್ನಿಸಬಹುದು ಎಂದು ಎರಡು ದಿನ ಕಾದೆ. ಅನ್ನಿಸಲಿಲ್ಲ. ಆದರೆ ಆ ವರದಿಯಲ್ಲಿ ನಿಮ್ಮ ತಮ್ಮ ಇನ್ನೂ ತಾವಾಗಿಯೇ ಹೊರನಡೆದವರು. ಅದೊಂದನ್ನು ಅಳಿಸಲು ನನ್ನ ಕೈಲಾಗಲಿಲ್ಲ.

ಇಂತಿ,
ನಿಮ್ಮ ತಮ್ಮನ ಹೆಂಡತಿ

ಮತ್ತೆ ಬರೆದದ್ದು: ಅಂಟಿಸಿದ್ದ ಲಕೋಟೆಯನ್ನು ಬಿಚ್ಚಿದ್ದೇನೆ. ಈಗಷ್ಟೇ ಡಾಕ್ಟರು ಮನೆಗೆ ಬಂದು ಹೋದರು. ಎಷ್ಟು ಆಸ್ಪಿರಿನ್ ನುಂಗಿದೆ ಅಂತ ನೆಟ್ಟಗೆ ಕೇಳಿದರು. ಎರಡು ಅಂದೆ. ಬೈಯಲಿಲ್ಲ. ಅಷ್ಟನ್ನೇ ಬರೆದು ಸಹಿ ಹಾಕಿಕೊಡಮ್ಮಾ, ಶನಿವಾರ ನನ್ನ ಪ್ರಯೋಗನ ವಿಚಾರಿಸೋ ಸಮಿತಿ ಮುಂದೆ ಇಟ್ಟರೆ ನನ್ನ ಇಪ್ಪತ್ತು ವರ್ಷದ ಕೆಲಸ ಉಳಿಯುತ್ತೆ, ನಿನ್ನ ಗಂಡನ ವಿಷಯ ನಾನೂ ಇದ್ದ ಹಾಗೆ ಬರೆದುಕೊಡ್ತೀನಿ ಅಂದರು. ಮೊದಲು ನೀವು ಬರೀರಿ ಸಾರ್ ಅಂದೆ. ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು, ನಿಂತುಕೊಂಡೇ ಬರೆದರು. ಮಾತ್ರೆಯಿಂದ ರಕ್ತಸ್ರಾವವಾಗಿ ತೀರಿಕೊಂಡರು ಎಂದು, ಫೋನಿನಲ್ಲಿ ತಾವು ಆಡಿದ ಮಾತನ್ನೂ ಸೇರಿಸಿ, ಸಹಿ ಹಾಕಿದರು. ಆ ಹಾಳೆ ಇದರ ಜೊತೆಗಿದೆ, ಜೋಪಾನವಾಗಿಡಿ. ನನ್ನ ಕೈ ನಡುಗ್ತಿದೆ, ಬೆಳಿಗ್ಗೆ ಬನ್ನಿ ಸಾರ್, ನನ್ನದು ಬರೆದಿಟ್ಟಿರ್ತೀನಿ ಅಂತ ಹೇಳಿ ಕಳಿಸಿದೆ. ಬೆಳಿಗ್ಗೆಯೂ ಬರೆಯುವುದಿಲ್ಲ. ನೋಡಿ ಅತ್ತಿಗೆ, ನನ್ನ ಅಕ್ಷರಗಳು ಎಷ್ಟು ನೆಟ್ಟಗಿವೆ.