ಇಲ್ಲದ ಮಂಡಿನೋವು

ಹನ್ನೆರಡು ಟನ್ ಎತ್ತುವ ಸೊಸೆಗೆ, ಮೂರು ವರ್ಷದಿಂದ ಕುಂಟುತ್ತಿರುವ ಅತ್ತೆಯ ಆಶೀರ್ವಾದ.

ಕ್ರೇನ್ ಓಡಿಸುವ ಪರೀಕ್ಷೆ ಪಾಸಾಗುವವರೆಗೆ ಮಗು ಬೇಡ ಎಂದು ನೀನು ಗುಳಿಗೆ ನುಂಗುತ್ತಿದ್ದೆ. ಈಗ ಪಾಸಾಗಿದ್ದೀಯ, ಮಗು ಬೇಕೆಂದು ಗುಳಿಗೆ ಬಿಟ್ಟಿದ್ದೀಯ, ಅದನ್ನು ನನಗೇ ಮೊದಲು ಬರೆದಿದ್ದೀಯ. ಓದಿ ಎದೆಯುಬ್ಬಿತು.

ಇಷ್ಟು ದಿನ "ಮೊಮ್ಮಗು ಯಾವಾಗ?" ಎಂದವರಿಗೆಲ್ಲ, "ನನ್ನ ಮಂಡಿನೋವು ವಾಸಿಯಾಗ್ಲಿ, ಅಲ್ಲೀವರೆಗೂ ತಡೀರಿ ಅಂತ ಮಗ-ಸೊಸೆಗೆ ನಾನೇ ಹೇಳಿದ್ದೀನಿ" ಎಂದು ಕುಂಟಿ ತೋರಿಸಿದ್ದೇನೆ. ಒಮ್ಮೆ ಮಾತ್ರ ಕಾಲು ಅದಲುಬದಲಾಯಿತು.

"ನಿನ್ನೆ ಎಡಗಾಲು, ಇವತ್ತು ಬಲಗಾಲಾ ಅತ್ತಿಗೆ?" ಎಂದಳು ನನ್ನ ನಾದಿನಿ.

"ನೋವಿಗೂ ಮನೆ ಬದಲಾಯಿಸ್ಬೇಕು ಅನ್ಸಲ್ವೇನೇ?" ಎಂದೆ.

ಗುಳಿಗೆ ಬಿಟ್ಟ ತಿಂಗಳೇ ಆಗಬಹುದು, ಕೆಲವು ತಿಂಗಳೂ ಹಿಡಿಯಬಹುದು ಎಂದರಂತೆ ನಿಮ್ಮ ಡಾಕ್ಟರಮ್ಮ. ಅವರು ಕೊಟ್ಟ ಫೋಲಿಕ್ ಆಸಿಡ್ ಮಾತ್ರೆ ಮರೆಯಬೇಡ. ನನಗೆ ತಿಂಗಳ ವರದಿಯೂ ಬೇಡ, ನಿನಗೆ ಗಾಬರಿಯೂ ಬೇಡ. ಬೇಗ ಬಂದರೆ ಸೈ, ತಡವಾಗಿ ಬಂದರೂ ಜೈ.

ನಾದಿನಿ ಬೆರಳು ಮಡಿಚಿ ತಿಂಗಳು ಎಣಿಸಬಾರದಲ್ಲ, ಅದಕ್ಕೇ ನೀನು ಸಿಹಿಸುದ್ದಿ ಹೇಳುವವರೆಗೂ ಕುಂಟುತ್ತಲೇ ಇರುತ್ತೇನೆ. ಹೇಳಿದ ದಿನ, ನಿಮ್ಮ ಮೂರನೇ ಮಹಡಿಯ ಮೆಟ್ಟಿಲನ್ನು ಅವಳ ಕಣ್ಣೆದುರೇ ಓಡಿ ಹತ್ತುತ್ತೇನೆ.

ಸದ್ಯಕ್ಕೆ ಎಡಗಾಲು ಕುಂಟುತ್ತಿರುವ,
ನಿನ್ನ ಅತ್ತೆ